ಕ್ಯಾಮೆರಾ ಕೊಳ್ಳುವ ಮುನ್ನ ದೂರ ಅಳೆಯಿರಿ

ಮನೆಗೊಂದು ಒಳ್ಳೆಯ ಕ್ಯಾಮೆರಾ ಬೇಕೆಂಬ ಮಾತು ಬಂದೊಡನೆ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಮಗನಿಗೆ ಲೆನ್ಸ್ ಬದಲಿಸಬಹುದಾದ ದೊಡ್ಡ ಡಿಎಸ್‌ಎಲ್‌ಆರ್ ಬೇಕು. ತಂದೆಗೆ ಜೇಬಿನಲ್ಲಿ ಹಿಡಿಯುವ, ಲೆನ್ಸ್ ಬಿಚ್ಚಲು ಬಾರದ ಚಿಕ್ಕ ಕ್ಯಾಮೆರಾ ಸಾಕು. ತಾಯಿಗೆ ಚಿಂತೆ ಹಣದ್ದು.

ತುಮಕೂರು ತಾಲ್ಲೂಕಿನ ಬೆಳ್ಳಾವಿಯಲ್ಲಿ ಇಂಥದೊಂದು ಮನೆ ಇದೆಯೆಂದು ಭಾವಿಸೋಣ. ಕೈಯಲ್ಲಿರುವುದು ತೆಂಗಿನಕಾಯಿ ಮಾರಿ ಉಳಿಸಿದ ಹಣ. ಮಗ ಈಗಷ್ಟೇ ಪದವಿ ಮುಗಿಸಿದ್ದಾನೆ. ಮದುವೆ ಫೋಟೋ ತೆಗೆದು ನಾಲ್ಕು ಕಾಸು ಸಂಪಾದಿಸುವ ಆಸೆ ಅವನಿಗೆ. ಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಮೊಬೈಲಿನಲ್ಲಿ ತೆಗೆದಿದ್ದ ಅವರ ಚಿತ್ರಗಳೆಲ್ಲ ಆ ಮೊಬೈಲ್ ಕೆಟ್ಟಾಗಲೇ ಹೋದವು. ಈಗ ಉಳಿದಿರುವುದು ಮತದಾರರ ಗುರುತಿನ ಚೀಟಿಯಲ್ಲಿರುವ ಒಂದೇ ಚಿತ್ರ. ಇಂಥ ಮನೆಯವರು ಒಮ್ಮೆ ತಪ್ಪಾಗಿ ಕೊಂಡರೆ ಮತ್ತೆ ಅಷ್ಟು ಹಣ ಕೂಡಿಸಲು ವರ್ಷಗಳೇ ಬೇಕು. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಸ್ವಲ್ಪ ಯೋಚಿಸೋಣ.

ಅಂಗಡಿಯಲ್ಲಿ ಮೊದಲು ಕೇಳಿಬರುವುದು ಮೆಗಾಪಿಕ್ಸೆಲ್ ಲೆಕ್ಕ. ಅದನ್ನು ಸದ್ಯಕ್ಕೆ ಪಕ್ಕಕ್ಕಿಡಿ. ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ ಮೊದಲ ಪ್ರಶ್ನೆ ಬೇರೆ. ನಾನು ಯಾರ, ಯಾವುದರ ಚಿತ್ರ ತೆಗೆಯಬೇಕು? ಅದು ನನ್ನಿಂದ ಎಷ್ಟು ದೂರದಲ್ಲಿರುತ್ತದೆ?

ಉದಾಹರಣೆಗೆ, ತುಮಕೂರು ಜಿಲ್ಲೆಯದೇ ಶಿರಾ ತಾಲ್ಲೂಕಿನಲ್ಲಿ ಕಗ್ಗಲಡು ಎಂಬ ಊರಿದೆ. ಅಲ್ಲಿ ಬಣ್ಣದ ಕೊಕ್ಕರೆಗಳು ಹುಣಸೆ ಮರಗಳ ಮೇಲೆ ಗೂಡು ಕಟ್ಟಿ ಮರಿ ಮಾಡುತ್ತವೆ. ಊರಿನವರು ಅವುಗಳನ್ನು ಕಾಪಾಡಿಕೊಂಡು ಬಂದಿದ್ದಾರೆ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳಿವೆ. 2007ರಲ್ಲಿ ಅದು ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಗೂಡಿನ ಹಕ್ಕಿಯ ಬಳಿಗೆ ನಾವು ಹೋಗಬಾರದು, ಕೃಷ್ಣಮೃಗ ನಮ್ಮನ್ನು ಬಳಿಗೆ ಬಿಟ್ಟುಕೊಳ್ಳುವುದಿಲ್ಲ. ಇಲ್ಲಿ ದೂರವನ್ನು ದಾಟಬೇಕಾದುದು ಲೆನ್ಸ್. ಉದ್ದನೆಯ ಟೆಲಿ ಲೆನ್ಸ್ ಹಾಕಬಹುದಾದ ಕ್ಯಾಮೆರಾಕ್ಕೆ ಇಲ್ಲಿ ಬೆಲೆ. ಕನ್ನಡ ನಾಡಿನ ಹೆಸರಾಂತ ವನ್ಯಜೀವಿ ಛಾಯಾಗ್ರಾಹಕ ಟಿ.ಎನ್.ಎ. ಪೆರುಮಾಳ್ (1932–2017) ಅವರು ದುಡಿದದ್ದು ಇಂಥ ಲೋಕದಲ್ಲಿ.

ಇನ್ನೊಂದು ಲೋಕವೂ ಇದೆ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಅವರ ಚಿತ್ರಗಳಲ್ಲಿ ಕಾಣುವವರು ಬೀದಿಯ ಮಕ್ಕಳು, ದುಡಿಯುವ ಜನ, ಸಾಮಾನ್ಯರ ನಿತ್ಯದ ಬದುಕು. ಇಲ್ಲಿ ಚಿತ್ರ ತೆಗೆಯುವವನಿಗೂ ಎದುರಿಗಿರುವವರಿಗೂ ನಡುವೆ ನಾಲ್ಕು ಹೆಜ್ಜೆ ಅಂತರ. ನಮ್ಮ ಮನೆಯ ಚಿತ್ರಗಳೂ ಹೀಗೆಯೇ. ಹಬ್ಬದ ಹೊಸ ಬಟ್ಟೆ ತೊಟ್ಟ ಮಗು, ಅಡಿಗೆ ಮನೆಯ ಅಮ್ಮ, ಜಗುಲಿಯ ಅಜ್ಜಿ, ಯಾರೂ ದೂರದಲ್ಲಿಲ್ಲ. ಲೆನ್ಸ್ ಬಿಚ್ಚಲಾಗದ ಕ್ಯಾಮೆರಾ ಇಲ್ಲಿ ಕೊರತೆಯಲ್ಲ. ಅದು ಚಿಕ್ಕದು, ಸದ್ದು ಕಡಿಮೆ. ಡಿಎಸ್‌ಎಲ್‌ಆರ್‌ನೊಳಗಿನ ಕನ್ನಡಿ ಪ್ರತಿ ಸಲವೂ ‘ಟಕ್’ ಎಂದು ಮೇಲೇಳುತ್ತದೆ. ಮಲಗಿದ ಮಗುವಿಗೂ, ನಾಚುವ ಹಿರಿಯರಿಗೂ ಆ ಸದ್ದು ಇಲ್ಲದಿದ್ದರೆ ಒಳ್ಳೆಯದು.

ಆದರೆ ‘ಚಿಕ್ಕ ಕ್ಯಾಮೆರಾ’ ಎಂಬ ಒಂದೇ ಹೆಸರಿನಲ್ಲಿ ಹಲವು ಬಗೆಗಳಿವೆ ಎಂಬುದನ್ನು ಮರೆಯಬೇಡಿ. ವ್ಯತ್ಯಾಸವಿರುವುದು ಸೆನ್ಸರ್‌ನಲ್ಲಿ, ಅಂದರೆ ಹಳೆಯ ಫಿಲ್ಮಿನ ಜಾಗದಲ್ಲಿ ಕುಳಿತು ಬೆಳಕು ಹಿಡಿಯುವ ತಗಡಿನಲ್ಲಿ. ಅಗ್ಗದ ಕಾಂಪ್ಯಾಕ್ಟ್‌ಗಳಲ್ಲಿ ಅದರ ಅಳತೆ ಸುಮಾರು 6 ಮಿ.ಮೀ. ಉದ್ದ, 4.5 ಮಿ.ಮೀ. ಅಗಲ. ಸಾಮಾನ್ಯ ಡಿಎಸ್‌ಎಲ್‌ಆರ್‌ನಲ್ಲಿ ಸುಮಾರು 22 ಮಿ.ಮೀ. ಉದ್ದ, 15 ಮಿ.ಮೀ. ಅಗಲ. ಲೆಕ್ಕ ಹಾಕಿದರೆ ಹನ್ನೆರಡು ಪಟ್ಟು ದೊಡ್ಡದು. ಮಳೆ ಬರುವಾಗ ಲೋಟವಿಟ್ಟರೆ ಸಿಗುವ ನೀರಿಗೂ ಬೋಗುಣಿಯಿಟ್ಟರೆ ಸಿಗುವ ನೀರಿಗೂ ಇರುವ ವ್ಯತ್ಯಾಸ ಅದು. ಸಂಜೆಯ ಮಬ್ಬಿನಲ್ಲಿ, ಒಂದೇ ದೀಪದ ಕೋಣೆಯಲ್ಲಿ ಚಿಕ್ಕ ಸೆನ್ಸರ್‌ನ ಚಿತ್ರ ಕಾಳುಕಾಳಾಗುತ್ತದೆ. ಇಂದಿನ ಒಳ್ಳೆಯ ಮೊಬೈಲುಗಳ ಸೆನ್ಸರ್ ಆ ಅಗ್ಗದ ಕಾಂಪ್ಯಾಕ್ಟ್‌ಗಿಂತ ದೊಡ್ಡದೇ ಇರುತ್ತದೆ. ಹಾಗಿರುವಾಗ ಅದಕ್ಕೆ ಹಣ ಸುರಿಯುವುದು ವ್ಯರ್ಥ.

ಚಿಕ್ಕ ಸೆನ್ಸರ್‌ಗೂ ಒಂದು ಉಪಯೋಗವುಂಟು. 2015ರಲ್ಲಿ ಬಂದ ನಿಕಾನ್ ಪಿ900 ಲೆನ್ಸ್ ಬಿಚ್ಚಲಾಗದ ಕ್ಯಾಮೆರಾವೇ. ಆದರೆ ಅದರ ಝೂಮ್ 83 ಪಟ್ಟು. ಹಗಲಿನ ಒಳ್ಳೆಯ ಬೆಳಕಿದ್ದರೆ ಕಗ್ಗಲಡುವಿನ ಕೊಕ್ಕರೆಯನ್ನು ಅದು ಹತ್ತಿರ ತಂದು ತೋರಿಸುತ್ತದೆ. ಬೆಳಕು ಇಳಿದರೆ ಸೋಲುತ್ತದೆ.

ಚಿಕ್ಕ ದೇಹದಲ್ಲಿ ಡಿಎಸ್‌ಎಲ್‌ಆರ್‌ನಷ್ಟೇ ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಗಳೂ ಇವೆ. 2011ರಲ್ಲಿ ಫ್ಯೂಜಿಫಿಲ್ಮ್ ಎಕ್ಸ್100 ಬಂತು. 2019ರ ರಿಕೋ ಜಿಆರ್ 3 ಬ್ಯಾಟರಿ ಸೇರಿ ಬರೀ 257 ಗ್ರಾಂ. ಇವೆರಡರಲ್ಲೂ ಝೂಮ್ ಇಲ್ಲ. ಹತ್ತಿರ ಬೇಕೆಂದರೆ ನಿಮ್ಮ ಕಾಲೇ ನಡೆಯಬೇಕು. ಮುಖಕ್ಕೆ ತೀರಾ ಹತ್ತಿರ ಹೋದರೆ ಇಂಥ ಅಗಲ ನೋಟದ ಲೆನ್ಸ್ ಮೂಗನ್ನು ದಪ್ಪ ಮಾಡಿ ತೋರಿಸುತ್ತದೆ. ಎರಡು ಹೆಜ್ಜೆ ಹಿಂದೆ ಸರಿದು ತೆಗೆಯಬೇಕು. ಚಿಕ್ಕದಾದ್ದರಿಂದ ಅಗ್ಗವಿರಬಹುದೆಂದು ತಿಳಿಯಬೇಡಿ. ಎಕ್ಸ್100 ಸಾಲಿನ 2024ರ ಮಾದರಿಯ ಬೆಲೆ ಲಕ್ಷ ರೂಪಾಯಿಗೂ ಬಹಳ ಮೇಲೆ.

ಡಿಎಸ್‌ಎಲ್‌ಆರ್ ಕಥೆಯೂ ಬದಲಾಗಿದೆ. 2020ರ ನಂತರ ಕ್ಯಾನನ್ ಆಗಲಿ ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ಕನ್ನಡಿಯಿಲ್ಲದ, ಮಿರರ್‌ಲೆಸ್ ಎಂಬ ಕ್ಯಾಮೆರಾಗಳತ್ತ ಎರಡೂ ಕಂಪೆನಿಗಳು ಹೊರಳಿವೆ. ಹೀಗಾಗಿ ಹಳೆಯ ಡಿಎಸ್‌ಎಲ್‌ಆರ್‌ಗಳು, ಅವುಗಳ ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಧಾರಾಳವಾಗಿ ಸಿಗುತ್ತವೆ. ಕೊಳ್ಳುವಾಗ ಒಂದು ಲೆಕ್ಕ ಕೇಳಿ: ಶಟರ್ ಎಷ್ಟು ಸಲ ಬಡಿದಿದೆ? ನಿಕಾನ್ ಡಿ5600ರಂಥ ಮಾದರಿಯ ಶಟರ್ ಒಂದು ಲಕ್ಷ ಸಲದ ಬಾಳಿಕೆಗೆ ಪರೀಕ್ಷಿಸಿದ್ದು. ಎಂಬತ್ತು ಸಾವಿರ ದಾಟಿದ್ದನ್ನು ಬಿಟ್ಟುಬಿಡಿ. ಲೆನ್ಸ್ ಬಿಚ್ಚಿ, ಬೆಳಕಿಗೆ ಹಿಡಿದು, ಒಳಗೆ ಬೂಷ್ಟು ಹಿಡಿದಿದೆಯೇ ನೋಡಿ. ನಮ್ಮ ಹಳ್ಳಿ ರಸ್ತೆಗಳ ಧೂಳಿನಲ್ಲಿ ಲೆನ್ಸ್ ಬದಲಿಸಿದರೆ ಧೂಳು ನೇರ ಸೆನ್ಸರ್ ಮೇಲೆ ಕೂರುತ್ತದೆ. ಆಮೇಲೆ ಪ್ರತಿ ಚಿತ್ರದ ಆಕಾಶದಲ್ಲೂ ಕಪ್ಪು ಚುಕ್ಕೆ.

ಹಾಗಾದರೆ ನಾವು ಭಾವಿಸಿಕೊಂಡ ಮನೆಯವರು ಏನು ಮಾಡಬೇಕು? ಮಗನಿಗೆ ಮದುವೆ ಫೋಟೋದ ಆಸೆ ಇದೆಯಲ್ಲ, ಅವನು ಮೊದಲು ಯಾವುದಾದರೂ ಸ್ಟುಡಿಯೋದವರ ಜೊತೆ ನಾಲ್ಕು ಮದುವೆಗೆ ಕೈಕೆಲಸಕ್ಕೆ ಹೋಗಲಿ. ಮಧ್ಯರಾತ್ರಿಯವರೆಗೆ ನಿಂತು ದುಡಿಯುವುದು ಹಿಡಿಸಿತೇ, ಸರಿ. ಹಿಡಿಸದಿದ್ದರೂ ಹಣ ಉಳಿದಿರುತ್ತದೆ. ಹಿಡಿಸಿದರೆ ಒಂದು ಒಳ್ಳೆಯ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್, ಅದರ ಜೊತೆ ಬರುವ 18–55 ಲೆನ್ಸ್, ಮತ್ತು 50 ಮಿ.ಮೀ. ಎಫ್ 1.8 ಎಂಬ ಅಗ್ಗದ ಲೆನ್ಸ್ ಕೊಳ್ಳಲಿ. ಈ ಕೊನೆಯದು ಮಂದ ಬೆಳಕಿನಲ್ಲೂ ಮುಖಗಳನ್ನು ಸೊಗಸಾಗಿ ಹಿಡಿಯುತ್ತದೆ. ಮನೆಯಲ್ಲಿರುವಾಗ ಅದೊಂದನ್ನೇ ಹಾಕಿ ಬಿಡಲಿ. ತಂದೆ ಕೇಳಿದ ‘ಒಂದೇ ಲೆನ್ಸಿನ ಕ್ಯಾಮೆರಾ’ವೂ ಅದರಲ್ಲೇ ಸಿಕ್ಕಂತಾಯಿತು. ಮಗನಿಗೆ ಆ ಉದ್ಯೋಗ ಬೇಡವೆನಿಸಿದರೆ, ಮನೆ ಚಿತ್ರಗಳಿಗಾಗಿ ಯಾರೂ ಸಾಲ ಮಾಡಬೇಕಿಲ್ಲ. ಕೈಯಲ್ಲಿರುವ ಮೊಬೈಲ್ ಸಾಕು. ಹಣ ಕೂಡಿಬಂದಾಗ ದೊಡ್ಡ ಸೆನ್ಸರ್‌ನ ಚಿಕ್ಕ ಕ್ಯಾಮೆರಾ ಬರಲಿ. ಬೀರುವಿನಲ್ಲಿ ಮಲಗಿರುವ ದೊಡ್ಡ ಕ್ಯಾಮೆರಾಕ್ಕಿಂತ ಜೊತೆಯಲ್ಲಿರುವ ಚಿಕ್ಕದೇ ಮೇಲು.

ಇನ್ನೆರಡು ಮಾತು. ಮೆಮೊರಿ ಕಾರ್ಡನ್ನು ಹಾಗೆಯೇ ಅಂಗಡಿಗೆ ಕೊಡಬೇಡಿ. ಅದರಲ್ಲಿ ಮನೆಯ ಹೆಣ್ಣುಮಕ್ಕಳ ಚಿತ್ರಗಳೆಲ್ಲ ಇರುತ್ತವೆ, ಅಳಿಸಿದ್ದನ್ನೂ ಮರಳಿ ತೆಗೆಯುವ ಉಪಾಯಗಳಿವೆ. ಪ್ರಿಂಟ್ ಹಾಕಿಸಬೇಕಾದವನ್ನು ಮಾತ್ರ ಬೇರೆ ಪೆನ್‌ಡ್ರೈವ್‌ಗೆ ಹಾಕಿ ಕೊಡಿ. ಒಳ್ಳೆಯ ಚಿತ್ರಗಳನ್ನು ಎರಡು ಕಡೆ ಕಾಪಿ ಮಾಡಿಡಿ. ಯಂತ್ರ ಒಂದಲ್ಲ ಒಂದು ದಿನ ಕೆಡುತ್ತದೆ.

ಅಜ್ಜಿಯ ಚಿತ್ರಕ್ಕಂತೂ ಯಾವ ಕ್ಯಾಮೆರಾ ಬರುವುದನ್ನೂ ಕಾಯಬೇಡಿ. ನಾಳೆ ಬೆಳಿಗ್ಗೆ ಅವರ ಒಪ್ಪಿಗೆ ಕೇಳಿ, ಬಿಸಿಲು ನೇರ ಬೀಳದ ಬಾಗಿಲ ಬಳಿ ಕೂರಿಸಿ, ಫ್ಲಾಶ್ ಆರಿಸಿ, ಎರಡು ಹೆಜ್ಜೆ ಹಿಂದೆ ನಿಂತು, ಮಾತಾಡಿಸುತ್ತಾ ತೆಗೆಯಿರಿ. ಆ ವಾರವೇ ಪೇಟೆಗೆ ಹೋದಾಗ ಕಾಗದದ ಮೇಲೆ ಪ್ರಿಂಟ್ ಹಾಕಿಸಿ ತನ್ನಿ.