ಬಿಟ್ಟ ಮೀನು ನದಿಯ ಪರ ಸಾಕ್ಷಿ ಹೇಳದು

ಲೋಣಾವಳಾ ಎಂದರೆ ನಮ್ಮವರಿಗೆ ಚಿಕ್ಕಿ, ಮಳೆಗಾಲದ ಜಲಪಾತ, ಪುಣೆ–ಮುಂಬೈ ದಾರಿಯ ಘಾಟಿ. ಆದರೆ ಕರ್ನಾಟಕದ ಎರಡು ನದಿಗಳಿಗೆ ಆ ಊರಿನ ನಂಟಿದೆ. ಅದರ ಬಳಿ ಹುಟ್ಟುವ ಇಂದ್ರಾಯಣಿ ದೇಹು, ಆಳಂದಿ ದಾಟಿ ತುಳಾಪುರದಲ್ಲಿ ಭೀಮೆಯನ್ನು ಸೇರುತ್ತದೆ. ಭೀಮೆ ಉಜನಿ ಜಲಾಶಯದಲ್ಲಿ ತಂಗಿ, ಪಂಢರಪುರ ಕಳೆದು ನಮ್ಮ ವಿಜಯಪುರ, ಕಲಬುರಗಿ ಜಿಲ್ಲೆಗಳಿಗೆ ಬರುತ್ತಾಳೆ. ಇನ್ನೊಂದು ನಂಟು ಕಾವೇರಿಯದು, ಮೀನಿನ ಮೂಲಕ ಬಂದದ್ದು.

ಲೋಣಾವಳಾದ ವಲವಣದಲ್ಲಿ ಟಾಟಾ ವಿದ್ಯುತ್ ಕಂಪನಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮೀನಿನ ಮರಿ ಮಾಡಿಸುತ್ತಿದೆ. ಕೃಷ್ಣಾ–ಭೀಮಾ ಸೀಮೆಯ ಈ ಮೀನನ್ನು 1839ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದವನು ಬ್ರಿಟಿಷ್ ಸೇನಾಧಿಕಾರಿ ಸೈಕ್ಸ್, ಅದೂ ಪುಣೆಯ ನದಿಯಿಂದಲೇ. ಹರಿಯುವ, ಆಮ್ಲಜನಕ ತುಂಬಿದ ನೀರು ಬೇಡುವ ಮಹಶೀರ್ ಇದ್ದಲ್ಲಿ ನದಿ ಚೆನ್ನಾಗಿದೆ ಎಂಬ ನಂಬಿಕೆ ಹಳೆಯದು, ತಕ್ಕಮಟ್ಟಿಗೆ ನಿಜವೂ ಹೌದು.

ಅದೇ ನಂಬಿಕೆ ಕಾವೇರಿಯಲ್ಲಿ ಕೈಕೊಟ್ಟಿತು. ಲೋಣಾವಳಾದ ಮರಿಗಳನ್ನು 1970ರ ದಶಕದಲ್ಲೇ ಕಾವೇರಿಗೆ ಬಿಡಲಾಯಿತು. ಕಾವೇರಿ ದಂಡೆಯ ಗಾಳಿಬೋರೆ ಶಿಬಿರದಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ತೆರೆದು ನೋಡಿದಾಗ ಸಿಕ್ಕ ಮಹಶೀರ್‌ಗಳ ಸಂಖ್ಯೆ ಏರುತ್ತಲೇ ಇತ್ತು. ನದಿ ಸುಧಾರಿಸಿದೆ ಎನ್ನಲು ಇನ್ನೇನು ಬೇಕು? ಜಾತಿವಾರು ಬಿಡಿಸಿದಾಗ ಕಥೆ ಬೇರೆಯಾಯಿತು. ಹೆಚ್ಚಿದ್ದು ಹೊರಗಿನಿಂದ ಬಂದ ನೀಲಿ ರೆಕ್ಕೆಯದು. ಕಾವೇರಿಯ ಸ್ವಂತ ಗೂನುಬೆನ್ನಿನ ಮಹಶೀರ್ ಕುಸಿಯುತ್ತಿತ್ತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಗಾಳಕ್ಕೆ 120 ಪೌಂಡಿನಷ್ಟು ತೂಗಿ ಬಿದ್ದ ಮೀನಿನ ಕುಲ ಇದು. ವಿಪರ್ಯಾಸ ನೋಡಿ, ಅದಕ್ಕೆ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅಷ್ಟರಲ್ಲಿ ಅದು ಅಳಿವಿನ ಅಂಚಿಗೆ ಬಂದಿತ್ತು. ಅಣೆಕಟ್ಟು, ಮರಳು ಗಣಿಗಾರಿಕೆ, ಸಿಡಿಮದ್ದಿನ ಬೇಟೆಯ ಪಾಲೂ ಇದರಲ್ಲಿದೆ. ಆದರೂ ಬಿಟ್ಟ ಮೀನಿನ ಸಂಖ್ಯೆಯೇ ನಮ್ಮ ಕಣ್ಣಿಗೆ ಪೊರೆ ಕಟ್ಟಿತು ಎಂಬುದನ್ನು ಅಲ್ಲಗಳೆಯಲಾಗದು.

ನನ್ನ ವಾದ ಇಷ್ಟು: ತಾನಾಗಿ ಬಂದು ನೆಲೆಸಿದ ಜೀವಿ ಮಾತ್ರ ನೀರಿನ ಬಗ್ಗೆ ಸಾಕ್ಷಿ ಹೇಳಬಲ್ಲದು. ನಾವೇ ತಂದು ಬಿಟ್ಟದ್ದು ಹೇಳುವುದು ನಮ್ಮ ಹ್ಯಾಚರಿಯ ಕಥೆಯನ್ನಷ್ಟೇ. ನೀಲಿ ರೆಕ್ಕೆಯ ಮಹಶೀರ್ ಅಪಾಯದ ಪಟ್ಟಿಯಿಂದ ಹೊರಬಂದದ್ದು ಸುದ್ದಿಯಾಯಿತು, ಸಂತೋಷ. ಆದರೆ ಅದೇ ಲೋಣಾವಳಾದಿಂದ ಹೊರಟ ಇಂದ್ರಾಯಣಿ ಆಳಂದಿಯಲ್ಲಿ ಮತ್ತೆ ಮತ್ತೆ ಬಿಳಿ ನೊರೆ ಹೊತ್ತು ಹರಿಯುತ್ತಿದೆ.

ಹಾಗಾದರೆ ಯಾರನ್ನು ಕೇಳಬೇಕು? ಯಾರೂ ಸಾಕದ, ಯಾರೂ ಬಿಡದ ಹುಳುಗಳನ್ನು. ನದಿಯ ಕಲ್ಲಿನಡಿ ಬಾಳುವ ಸ್ಟೋನ್‌ಫ್ಲೈ, ಮೇಫ್ಲೈಗಳ ಮರಿಗಳು ಕೊಳಕು ತಾಳುವುದಿಲ್ಲ. ಕೆಸರಿನ ಕೆಂಪು ಹುಳು ತಾಳುತ್ತದೆ, ಏಕೆಂದರೆ ಅದರ ಮೈಯಲ್ಲಿರುವ ಹಿಮೋಗ್ಲೋಬಿನ್ ಅಲ್ಪಸ್ವಲ್ಪ ಆಮ್ಲಜನಕವನ್ನೂ ಹಿಡಿದಿಟ್ಟುಕೊಳ್ಳಬಲ್ಲದು. ಬ್ರಿಟನ್ನಿನಲ್ಲಿ ರೂಪುಗೊಂಡ ಅಂಕಪದ್ಧತಿಯಲ್ಲಿ ಬಹುತೇಕ ಸ್ಟೋನ್‌ಫ್ಲೈ ಕುಟುಂಬಗಳಿಗೆ 10, ಕೆಂಪು ಹುಳುವಿನ ಕುಟುಂಬಕ್ಕೆ 2. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಇದನ್ನು ನಮ್ಮ ನದಿಗಳಿಗೆ ಒಗ್ಗಿಸಿ ತನ್ನದೇ ಮಾನದಂಡ ರೂಪಿಸಿದೆ. ಆದರೆ ನಮಗೆ ಪತ್ರಿಕೆಗಳಲ್ಲಿ ಕಾಣುವ ಎ, ಬಿ, ಸಿ ದರ್ಜೆಗಳು ಇಂದಿಗೂ ನಿಂತಿರುವುದು ಆಮ್ಲಜನಕ, ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಬಳಸುವ ಆಮ್ಲಜನಕ), ಕೋಲಿಫಾರ್ಮ್ ಬ್ಯಾಕ್ಟೀರಿಯಾಗಳ ಲೆಕ್ಕದ ಮೇಲೆ. ಬಾಟಲಿಯ ನೀರು ಅದನ್ನು ತುಂಬಿದ ಗಳಿಗೆಯ ಸ್ಥಿತಿ ಮಾತ್ರ ತಿಳಿಸುತ್ತದೆ. ರಾತ್ರೋರಾತ್ರಿ ಕಾರ್ಖಾನೆ ಹೊರಬಿಟ್ಟ ನೀರು ಬೆಳಗಿನ ಬಾಟಲಿಗೆ ಸಿಗದು. ತಿಂಗಳುಗಟ್ಟಲೆ ತಳದಲ್ಲಿ ಇರುವ ಹುಳುವಿನಿಂದ ಅದು ತಪ್ಪಿಸಿಕೊಳ್ಳದು.

ಮಿತಿಯೂ ಇದೆ. ಯಾವ ವಿಷ ಎಂದು ಹುಳು ಹೇಳುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಮಳೆಗಾಲದ ಪ್ರವಾಹ ಎಲ್ಲವನ್ನೂ ಕೊಚ್ಚಿಕೊಂಡು ಹೋಗುವುದರಿಂದ ಎಣಿಕೆ ನಡೆಯಬೇಕಾದದ್ದು ಚಳಿಗಾಲ, ಬೇಸಿಗೆಗಳಲ್ಲಿ. ಬೇಕಾದ ಸಲಕರಣೆ ಒಂದು ಬಲೆ, ಒಂದು ಬಿಳಿ ತಟ್ಟೆ, ಗುರುತು ಹಿಡಿಯಲು ಕಲಿತ ಕಣ್ಣು. ಯಾವ ಪದವಿ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೂ ಇದು ಎಟುಕುವ ಕೆಲಸ.

ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಭೀಮೆ ಗಡಿ ಮುಟ್ಟುವ ಚಡಚಣ, ಇಂಡಿ, ಅಫಜಲಪುರ ತಾಲ್ಲೂಕುಗಳಲ್ಲಿ ಸ್ಥಳೀಯ ಕಾಲೇಜುಗಳನ್ನು ಜತೆಗೂಡಿಸಿ ಹುಳುಗಳ ಎಣಿಕೆ ನಡೆಸಲಿ, ಅಂಕಗಳನ್ನು ದರ್ಜೆಯ ಪಕ್ಕದಲ್ಲೇ ಪ್ರಕಟಿಸಲಿ. ಕಾವೇರಿಗೆ ಹೊರಗಿನ ಮಹಶೀರ್ ಮರಿ ಇನ್ನು ಒಂದೂ ಬೀಳದಂತೆ ಮೀನುಗಾರಿಕೆ ಇಲಾಖೆ ನೋಡಿಕೊಳ್ಳಲಿ.