ಮನೆಯ ದಂಬೆಯನ್ನು ಎಂದು ಬದಲಿಸಬೇಕು?

ಬೇಸಗೆಯಲ್ಲಿ ಬಾವಿಯ ತಳ ಕಂಡಾಗ ನೀರಿನ ಬೆಲೆ ನಮಗೆ ತಿಳಿಯುತ್ತದೆ. ಮಳೆಗಾಲದಲ್ಲಿ ಮಾಡಿನಿಂದ ಇಳಿಯುವ ನೀರು ಮಾತ್ರ ಎಲ್ಲಿ ಬಿದ್ದರೂ ಸರಿ ಎಂದು ಸುಮ್ಮನಿರುತ್ತೇವೆ. ಕಾಸರಗೋಡು ಸೀಮೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲ್ಲಿಮೀಟರು ಮಳೆ; ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರದೊಳಗೆ ಸುರಿದು ಮುಗಿಯುತ್ತದೆ. ಶಾಲೆಯ ಮಕ್ಕಳೂ ಮಾಡಬಹುದಾದ ಲೆಕ್ಕವೊಂದಿದೆ. ಒಂದು ಚದರ ಮೀಟರು ಜಾಗದ ಮೇಲೆ ಒಂದು ಮಿಲ್ಲಿಮೀಟರು ಮಳೆ ಬಿದ್ದರೆ ಅದು ಒಂದು ಲೀಟರು ನೀರು. 100 ಚದರ ಮೀಟರು ಜಾಗವನ್ನು ಮುಚ್ಚುವ ಮಾಡಿನ ಮೇಲೆ ವರ್ಷಕ್ಕೆ ಮೂರೂವರೆ ಲಕ್ಷ ಲೀಟರು ಬೀಳುತ್ತದೆ. ಜಡಿಮಳೆಯ ದಿನ 100 ಮಿಲ್ಲಿಮೀಟರು ಸುರಿದರೆ ಆ ಒಂದೇ ದಿನ 10,000 ಲೀಟರು. ಇಷ್ಟನ್ನೂ ಗೋಡೆಗೆ ತಾಗಿಸದೆ ದಾಟಿಸುವ ಭಾರ ಸೂರಿನ ದಂಬೆಯದು.

ಹಿರಿಯರು ದಂಬೆಯಿಲ್ಲದೆಯೇ ಬಾಳಲಿಲ್ಲವೇ ಎನ್ನುವವರಿದ್ದಾರೆ. ಬಾಳಿದರು, ನಿಜ. ಆದರೆ ಅವರ ಸೂರು ಗೋಡೆಯಿಂದ ಬಹುದೂರ ಚಾಚಿರುತ್ತಿತ್ತು. ಇಂದಿನ ಮನೆಗಳ ಸೂರು ಕಿರಿದು. ಮೇಲಾಗಿ ತಾರಸಿಯ ಮೇಲೊಂದು ತಗಡಿನ ಮಾಡು, ಅಂಗಳದಲ್ಲಿ ಅಡಕೆ ಒಣಗಿಸಲು ಇನ್ನೊಂದು. ನುಣುಪಾದ ತಗಡಿನಿಂದ ನೀರು ಹಂಚಿಗಿಂತ ವೇಗವಾಗಿ ಧುಮುಕುತ್ತದೆ. ಆದುದರಿಂದ ಇಂದು ದಂಬೆ ಬೇಕೇ ಬೇಕು. ಕೆಟ್ಟ ದಂಬೆಯನ್ನಂತೂ ಇಟ್ಟುಕೊಳ್ಳಬಾರದು. ದಂಬೆಯಿಲ್ಲದ ಸೂರಿನ ನೀರು ಉದ್ದಕ್ಕೂ ಹಂಚಿಬೀಳುತ್ತದೆ. ತೂತು ದಂಬೆಯಾದರೋ ಇಡೀ ಮಾಡಿನ ನೀರನ್ನು ಒಟ್ಟುಮಾಡಿ ಒಂದೇ ಜಾಗಕ್ಕೆ ಸುರಿಯುತ್ತದೆ.

ದಂಬೆ ಕೆಟ್ಟಿದೆಯೆಂದು ತಿಳಿಯಲು ಮೊದಲು ನೋಡಬೇಕಾದ್ದು ದಂಬೆಯನ್ನಲ್ಲ, ಅದರ ಕೆಳಗಿನ ನೆಲವನ್ನು. ಅಂಗಳದ ಅಂಚಿನಲ್ಲಿ ಸಾಲುಗುಳಿ ಬಿದ್ದಿದೆಯೇ? ಗೋಡೆಯ ಮೇಲೆ ಕೆಮ್ಮಣ್ಣಿನ ಸಿಡಿತ ಮೊಣಕಾಲೆತ್ತರಕ್ಕೆ ಬಂದಿದೆಯೇ? ಪಾಚಿಯ ಪಟ್ಟೆ ಸೂರಿನಿಂದ ಕೆಳಕ್ಕೆ ಇಳಿದಿದೆಯೇ? ಪಕಾಸಿನ ತುದಿಯನ್ನು ಚೂರಿಯಿಂದ ಚುಚ್ಚಿದರೆ ಮೆತ್ತಗೆ ಒಳಹೋಗುತ್ತದೆಯೇ? ಹಾಗಾದರೆ ನೀರು ದಾರಿ ತಪ್ಪಿದೆ. ಮುರಕಲ್ಲು ನೀರು ಹೀರುವ ಕಲ್ಲು. ಹಳೆಯ ಮನೆಗಳಲ್ಲಿ ಕಲ್ಲುಗಳನ್ನು ಹಿಡಿದಿರುವುದು ಬರಿಯ ಮಣ್ಣು. ಆ ಮಣ್ಣು ತೊಳೆದುಹೋಯಿತೆಂದರೆ ಪಂಚಾಂಗವೇ ಸಡಿಲ.

ಬಳಿಕ ಏಣಿ ಇಟ್ಟು ದಂಬೆಯನ್ನು ನೋಡಿರಿ. ಅಡಕೆ ಮರದ ದಂಬೆಯಾದರೆ ಉಗುರು ಊರಿದಲ್ಲಿ ಹುಡಿಯಾಗುತ್ತದೆಯೇ, ಒರಲೆ ಹಿಡಿದಿದೆಯೇ ಎಂದು ಪರೀಕ್ಷಿಸಬೇಕು. ತಗಡಿನದಾದರೆ ಸತುವಿನ ಹೊಳಪು ಮಾಸಿದ್ದಕ್ಕೆ ಹೆದರಬೇಕಿಲ್ಲ. ಕೆಂಪು ತುಕ್ಕು ಕಂಡರೆ ಲೇಪ ಮುಗಿದು ಕಬ್ಬಿಣ ತಿನ್ನಿಸಿಕೊಳ್ಳುತ್ತಿದೆಯೆಂದು ಅರ್ಥ. ಕಡಲ ಹತ್ತಿರದ ಊರುಗಳಲ್ಲಿ ಉಪ್ಪುಗಾಳಿಯಿಂದ ಇದು ಬೇಗನೆ ಆಗುತ್ತದೆ. ಮೈಲುತುತ್ತಿನ ದ್ರಾವಣವನ್ನು ತಗಡಿನ ಪಾತ್ರೆಯಲ್ಲಿ ಮಾಡಬಾರದೆಂಬುದು ಅಡಕೆ ಬೆಳೆಗಾರರಿಗೆಲ್ಲ ಗೊತ್ತು. ತೋಟದ ಮಗ್ಗುಲಿನ ಮಾಡಿಗೆ ಸಿಂಪಡಣೆಯ ಹನಿ ಹಾರಿದ್ದರೆ ದಂಬೆಯನ್ನೂ ತೊಳೆಯುವುದು ಒಳ್ಳೆಯದು. ಪಿ.ವಿ.ಸಿ. ದಂಬೆಗೆ ತುಕ್ಕಿಲ್ಲ, ಆದರೆ ಬಿಸಿಲು ಅದರ ಶತ್ರು. ಬಣ್ಣ ಬಿಳಿಚಿ, ಒತ್ತಿದರೆ ಬಾಗುವ ಬದಲು ಬಿರಿದರೆ ಅದರ ಆಯುಷ್ಯ ತೀರಿತು.

ಇನ್ನು ರಿಪೇರಿಯೋ ಬದಲಾವಣೆಯೋ ಎಂಬ ಪ್ರಶ್ನೆ. ಎತ್ತರದ ತುದಿಯಲ್ಲಿ ಎರಡು ಕೊಡ ನೀರು ಹೊಯ್ದು ನೋಡಿರಿ. ನೀರು ನಡುವೆ ನಿಂತರೆ ಕೊಕ್ಕೆಗಳು ಸಡಿಲಾಗಿವೆ. 10 ಅಡಿಗೆ ಅರ್ಧ ಅಂಗುಲ ಇಳಿಜಾರು ಬರುವಂತೆ ಕಟ್ಟಿದರೆ ಸಾಕು. ಒಂದು ಬೆಸುಗೆಯಲ್ಲಿ ಮಾತ್ರ ಸೋರಿದರೆ ಅದನ್ನು ಮುಚ್ಚಬಹುದು. ಆದರೆ ಉದ್ದಕ್ಕೂ ಅಲ್ಲಲ್ಲಿ ತೊಟ್ಟಿಕ್ಕಿದರೆ, ಹೋದ ವರ್ಷ ಡಾಂಬರು ಬಳಿದ ಪಕ್ಕದಲ್ಲೇ ಈ ವರ್ಷ ಹೊಸ ತೂತು ಬಿದ್ದರೆ, ಕೊಕ್ಕೆಯ ಮೊಳೆ ಹಿಡಿಯಲು ಗಟ್ಟಿ ಮರವೇ ಇಲ್ಲವಾದರೆ, ತೇಪೆಗೆ ಕೊಡುವ ಹಣ ದಂಡ. ಮರ ಲಡ್ಡಾಗಿದ್ದಲ್ಲಿ ಮೊದಲು ಮರವನ್ನು ಬದಲಿಸಿ ಆಮೇಲೆ ಹೊಸ ದಂಬೆ ಕಟ್ಟಬೇಕು.

"ಇನ್ನೊಂದು ಮಳೆಗಾಲ ನಡೆದೀತು" ಎಂಬ ಮಾತು ನಮ್ಮಲ್ಲಿ ಬಹಳ. ಅಡಕೆಯ ಕ್ರಯ ಬಂದ ಮೇಲೆ ನೋಡೋಣ ಎನ್ನುವುದೂ ಉಂಟು. ಕೈಯಲ್ಲಿ ದುಡ್ಡಿಲ್ಲದವರ ಕಷ್ಟ ನನಗೆ ತಿಳಿಯದ್ದಲ್ಲ. ಅಂಥವರು ಮನೆಯ ಸುತ್ತ ಒಮ್ಮೆಗೇ ಬದಲಿಸಬೇಕೆಂದಿಲ್ಲ. ಗಾಳಿಮಳೆ ಬಡಿಯುವ ಪಡುವಣ ಬದಿಯನ್ನು ಈ ವರ್ಷ ಸರಿಮಾಡಲಿ, ಉಳಿದದ್ದು ಮುಂದಿನ ವರ್ಷಕ್ಕಿರಲಿ. ದಂಬೆಯನ್ನು ಬಿಡಿಬಿಡಿಯಾಗಿ ಕೊಳ್ಳಬಹುದು. ಕುಸಿದ ಗೋಡೆಯನ್ನು ಕಂತಿನಲ್ಲಿ ಎಬ್ಬಿಸಿ ಅದರೊಳಗೆ ಬಾಳಲಾಗದು.

ಇನ್ನೆರಡು ಲಾಭಗಳನ್ನೂ ಮರೆಯಬಾರದು. ಹಲಸಿನೆಲೆ ತುಂಬಿ ನೀರು ನಿಂತ ದಂಬೆಯಲ್ಲಿ ವಾರ ಹತ್ತು ದಿನದೊಳಗೆ ಸೊಳ್ಳೆ ಹುಟ್ಟುತ್ತದೆ. ಡೆಂಗಿ ಜ್ವರಕ್ಕೆ ಅದೇ ದಾರಿ. ನೀರು ನಿಲ್ಲದ ದಂಬೆಯಲ್ಲಿ ಆ ಭಯವಿಲ್ಲ. ಅಲ್ಲದೆ ಮೊದಲ ಮಳೆಗಳ ಕೊಳೆನೀರನ್ನು ಹೊರಗೆ ಬಿಟ್ಟು, ಬಳಿಕದ ನೀರನ್ನು ಜಲ್ಲಿ, ಮರಳಿನ ಮೂಲಕ ಸೋಸಿ ಬಾವಿಗೆ ಇಳಿಸಲೂ ಅಂಥ ದಂಬೆಯೇ ಬೇಕು.

ಈ ಪರೀಕ್ಷೆಯೆಲ್ಲ ಮೇ 24ರ ಸುಮಾರಿಗೆ ಬರುವ ಪತ್ತನಾಜೆಗೆ ಮೊದಲೇ ಮುಗಿಯತಕ್ಕದ್ದು. ಮಳೆ ಹಿಡಿದ ಮೇಲೆ ತಗಡು ಕೆಲಸದವನು ಸಿಗುವುದಿಲ್ಲ. ಸಿಕ್ಕಿದರೂ ಜಾರುವ ಮಾಡಿನ ಮೇಲೆ ಅವನನ್ನು ಹತ್ತಿಸುವುದು ನ್ಯಾಯವಲ್ಲ.