ಮೀಟರಿನ ಅಂಕಿಯನ್ನು ಎಷ್ಟರಮಟ್ಟಿಗೆ ನಂಬಬಹುದು?

ಬಿಳಿಗಿರಿರಂಗನ ಬೆಟ್ಟದ ಉತ್ತರಕ್ಕಿರುವ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿದುದು 1902ರಲ್ಲಿ. ಇಂದು ಬೆಟ್ಟದ ಮೇಲಿನ ಸೋಲಿಗರ ಮನೆಗಳಲ್ಲಿಯೂ ಮೀಟರನ್ನು ಕಾಣಬಹುದು. ಅದು ತೋರಿಸುವ ಅಂಕಿಯನ್ನು ನಾವೆಲ್ಲರೂ ಪ್ರಶ್ನಿಸದೆ ಒಪ್ಪುತ್ತೇವೆ. ಆದರೆ ಅಳತೆಯೆಂಬುದು ಒಂದೇ ಅಂಕಿಯಲ್ಲ. ಆ ಅಂಕಿಯ ಸುತ್ತ ಎಷ್ಟು ಸಂದೇಹಕ್ಕೆ ಎಡೆಯಿದೆ ಎಂಬುದನ್ನೂ ಹೇಳಿದಾಗಲೇ ಅದು ಪೂರ್ಣವಾಗುವುದು. ಈ ಎಡೆಗೇ ಅನಿಶ್ಚಿತತೆಯೆಂದು ಹೆಸರು. ಮೀಟರು ಕೆಟ್ಟಿದೆಯೆಂದು ಇದರ ಅರ್ಥವಲ್ಲ. ಸರಿಯಾಗಿ ನಡೆಯುವ ಮೀಟರಿಗೂ ಅನಿಶ್ಚಿತತೆ ಇದ್ದೇ ಇರುತ್ತದೆ.

ಯಳಂದೂರಿನಲ್ಲಿಯೋ ಕೊಳ್ಳೇಗಾಲದಲ್ಲಿಯೋ ತಿಂಗಳಿಗೆ 200 ಯೂನಿಟ್ಟು ಬಳಸುವ ಮನೆಯೊಂದನ್ನು ತೆಗೆದುಕೊಳ್ಳೋಣ. ಮನೆಯ ಮೀಟರಿನ ಮೇಲೆ ಸಾಮಾನ್ಯವಾಗಿ ‘ಕ್ಲಾಸ್ 1’ ಎಂದು ಅಚ್ಚಾಗಿರುತ್ತದೆ. ಅಂದರೆ ದೋಷವು ನೂರಕ್ಕೆ ಒಂದರ ಮಿತಿಯೊಳಗಿರಬೇಕು, 200ಕ್ಕೆ ಎರಡು ಯೂನಿಟ್ಟು. ಈ ಮಿತಿಯೊಳಗೆ ದೋಷವು ಎಲ್ಲಿ ಬೇಕಾದರೂ ಇರಬಹುದಾದುದರಿಂದ 2ನ್ನು 3ರ ವರ್ಗಮೂಲದಿಂದ ಭಾಗಿಸುತ್ತಾರೆ, 1.15 ಬರುತ್ತದೆ. ಇನ್ನೊಂದು ಮೂಲವೆಂದರೆ ಅಂಕಿಯನ್ನು ಬರೆದುಕೊಳ್ಳುವ ಕ್ರಮ. ದಶಾಂಶವನ್ನು ಬಿಟ್ಟು ಬರೆದರೆ, ಹಿಂದಿನ ತಿಂಗಳ ಅಂಕಿಯಲ್ಲಿಯೂ ಈ ತಿಂಗಳ ಅಂಕಿಯಲ್ಲಿಯೂ ಒಂದೊಂದು ತುಣುಕು ಬಿಟ್ಟುಹೋಗುತ್ತದೆ. ಇವೆರಡರ ವ್ಯತ್ಯಾಸದಿಂದ ಬರುವ ಅನಿಶ್ಚಿತತೆ 0.41 ಯೂನಿಟ್ಟು. ಎರಡನ್ನೂ ವರ್ಗ ಮಾಡಿ ಕೂಡಿ, ಮೊತ್ತದ ವರ್ಗಮೂಲ ತೆಗೆದರೆ 1.22, ವಾಡಿಕೆಯಂತೆ ಇದನ್ನು ಇಮ್ಮಡಿಸಿದರೆ ಸುಮಾರು 2.4. ಆದುದರಿಂದ ಈ ಮನೆಯ ಬಳಕೆಯನ್ನು 200 ± 2.4 ಯೂನಿಟ್ಟು ಎಂದು ಬರೆಯುವುದೇ ಪ್ರಾಮಾಣಿಕವಾದ ರೀತಿ.

ಬೆಟ್ಟದ ಮೇಲೆ ತಿಂಗಳಿಗೆ 20 ಯೂನಿಟ್ಟು ಬಳಸುವ ಪುಟ್ಟ ಮನೆಯ ಲೆಕ್ಕ ಬೇರೆಯೇ ಆಗುತ್ತದೆ. ಅಲ್ಲಿ ಮೀಟರಿನ ಪಾಲು 0.12ಕ್ಕೆ ಇಳಿಯುತ್ತದೆ, ಬಿಟ್ಟುಹೋದ ತುಣುಕುಗಳ 0.41 ಮಾತ್ರ ಹಾಗೆಯೇ ನಿಲ್ಲುತ್ತದೆ. ಇಮ್ಮಡಿಸಿದ ಮೊತ್ತ 0.85, ಅಂದರೆ ನೂರಕ್ಕೆ ನಾಲ್ಕಕ್ಕಿಂತ ಹೆಚ್ಚು. (ಬಿಟ್ಟ ತುಣುಕು ಮುಂದಿನ ತಿಂಗಳಿಗೆ ಸೇರುವುದರಿಂದ ವರ್ಷದ ಮೊತ್ತದಲ್ಲಿ ಇದು ಬೆಳೆಯುವುದಿಲ್ಲವೆಂಬುದು ಸಮಾಧಾನ.) ಇನ್ನೊಂದು ಸೂಕ್ಷ್ಮವಿದೆ. 5 ಆಂಪಿಯರ್ ಮೂಲಪ್ರವಾಹದ ಮೀಟರಿನಲ್ಲಿ ನಿಖರತೆಯ ಭರವಸೆ ಆರಂಭವಾಗುವುದು ಅದರ ನೂರಕ್ಕೆ ಐದು ಪಾಲಿನಿಂದ, ಎಂದರೆ 0.25 ಆಂಪಿಯರಿನಿಂದ, ಅಲ್ಲಿಯೂ ಮಿತಿ ಒಂದಲ್ಲ, ಒಂದೂವರೆ. 230 ವೋಲ್ಟಿನಲ್ಲಿ ಇದು ಸುಮಾರು 57 ವ್ಯಾಟ್. ರಾತ್ರಿಯಿಡೀ 9 ವ್ಯಾಟಿನ ಒಂದೇ ಎಲ್‌ಇಡಿ ಬಲ್ಬು ಉರಿಯುವ ಮನೆಯಲ್ಲಿ ಮೀಟರು ತಿರುಗುತ್ತದೆ ನಿಜ, ಆದರೆ ಆ ಭರವಸೆಯ ಹೊರಗೆ.

ಇದು ಪ್ರಯೋಗಶಾಲೆಯ ಚರ್ಚೆಯಷ್ಟೇ ಅಲ್ಲ. 2023ರಲ್ಲಿ ಕರ್ನಾಟಕದಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ಟಿನ ಗೆರೆಯನ್ನು ದಾಟಿದ ಮನೆ ಇಡೀ ಬಿಲ್ಲನ್ನು ತೆರಬೇಕೆಂದು ನಿಯಮ ಮಾಡಿದರು. 199 ಮತ್ತು 201 ಎಂಬ ಎರಡು ಅಂಕಿಗಳು ಬೇರೆಬೇರೆಯೆಂದು ಹೇಳುವ ಸಾಮರ್ಥ್ಯ ಮೀಟರಿಗೇ ಇಲ್ಲದಿರುವಾಗ, ಅವುಗಳ ನಡುವೆ ಇಂತಹ ಕಂದಕವನ್ನು ತೋಡುವುದು ಉಚಿತವಲ್ಲವೆಂದು ನಮ್ಮ ಅಭಿಪ್ರಾಯ. ಮೀರಿದ ಯೂನಿಟ್ಟುಗಳಿಗೆ ಮಾತ್ರ ಹಣ ಪಡೆದರೆ, ಎರಡು ಯೂನಿಟ್ಟಿನ ಸಂದೇಹವು ಎರಡು ಯೂನಿಟ್ಟಿನ ಬೆಲೆಯಾಗಿಯೇ ಉಳಿಯುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ದಿನಗಳ ಲೆಕ್ಕ. ತಿಂಗಳಿಗೆ 200 ಎಂದರೆ ದಿನಕ್ಕೆ ಸುಮಾರು 6.7 ಯೂನಿಟ್ಟು. ಅಂಕಿ ಬರೆಯುವವರು ಒಂದು ದಿನ ತಡವಾಗಿ ಬಂದರೂ ಮೀಟರಿನ ಇಡೀ ಅನಿಶ್ಚಿತತೆಯ ಎರಡೂವರೆಪಟ್ಟಿಗಿಂತ ಹೆಚ್ಚು ಅಂತರ ಬೀಳುತ್ತದೆ. ಕಾಡಿನ ನಡುವೆ ಚದರಿರುವ ಪೋಡುಗಳಿಗೆ ಆನೆಯ ಹಾದಿಯಲ್ಲಿ ನಡೆದು ಹೋಗಬೇಕಾದವರನ್ನು ಇದಕ್ಕಾಗಿ ದೂರಲಾಗದು. ಬಳಕೆಯನ್ನು ಎಷ್ಟು ದಿನಗಳದೆಂದು ನೋಡಿ, ದಿನದ ಸರಾಸರಿಯಿಂದಲೇ ಗೆರೆಯನ್ನು ತೀರ್ಮಾನಿಸಿದರೆ ಈ ತೊಡಕು ತಾನಾಗಿ ತಪ್ಪುತ್ತದೆ. ವಿದ್ಯಾರ್ಥಿಗಳು ತಮ್ಮ ಮನೆಯ ಮೀಟರನ್ನು ಒಂದು ತಿಂಗಳು ಪ್ರತಿದಿನ ಒಂದೇ ಗಂಟೆಗೆ, ದಶಾಂಶವನ್ನೂ ಬಿಡದೆ, ಬರೆದಿಟ್ಟು ಬಿಲ್ಲಿನೊಡನೆ ಹೋಲಿಸಿ ನೋಡಲಿ.